ಆಣೆ ಇಟ್ಟ ನಾಲಗೆ

ಕಟ್ಟಿದ ಮಾತನ್ನು ಬಿಚ್ಚುವ ಅಧಿಕಾರ ಅದನ್ನು ಆಡಿದ ನಾಲಗೆಗೇ ಹೊರತು ಅನ್ಯರಿಗಿಲ್ಲ ಎಂಬುದು ಮಾರೇನಹಳ್ಳಿಯ ಹಳೆಯ ಒಕ್ಕಲುಮನೆಗಳಲ್ಲಿ ಇಂದಿಗೂ ಉಳಿದಿರುವ ನಂಬಿಕೆ. ಹೊಲಗಳು ಬೀದಿಗಳಾದವು, ಬಾವಿಗಳ ಮೇಲೆ ಮಹಡಿಗಳೆದ್ದವು. ಪಟಾಲಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ ಆಡಿದ ಮಾತಿನ ಬಲ ಮಾತ್ರ ಕುಂದಲಿಲ್ಲ. ಆದುದರಿಂದಲೇ, ಹುಣ್ಣು ಬುಡಕ್ಕಿಳಿದಿದೆ, ನಾಲಗೆಯನ್ನು ತೆಗೆಯದೆ ಗತಿಯಿಲ್ಲ ಎಂದು ವೈದ್ಯರು ತಿಳಿಸಿದ ದಿನ, ಮುನಿರಾಜು ತನ್ನ ಆಯುಷ್ಯದ ವಿಚಾರವನ್ನು ಅವರಲ್ಲಿ ಕೇಳಲೇ ಇಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೆಂಡತಿಯ ಭುಜ ಹಿಡಿದು, "ಲತಾ, ಈ ನಾಲಿಗೆ ಹೋದ್ಮೇಲೆ ಆ ಆಣೆ ಬಿಚ್ಚೋರು ಯಾರೇ?" ಎಂದ.

ಆ ಆಣೆ ಹುಟ್ಟಿದ್ದು ಅವನ ತಾಯಿಯ ಸಾವಿನ ಮನೆಯಲ್ಲಿ. ಲಕ್ವ ಹೊಡೆದು ಹಾಸಿಗೆ ಹಿಡಿದ ಆ ವೃದ್ಧೆಗೆ ಕಡೆಯ ತಿಂಗಳುಗಳಲ್ಲಿ ಉಳಿದಿದ್ದದ್ದು ಒಂದೇ ಮಾತು. ಹೇರೋಹಳ್ಳಿಗೆ ಕೊಟ್ಟಿದ್ದ ಹಿರಿಯ ಮಗಳು ಪಾಪಮ್ಮ ನೋಡಲು ಬಂದಾಗಲೆಲ್ಲ ಅವಳ ಸೆರಗು ಹಿಡಿದು, "ಹಸಿವು ಕಣೇ" ಎನ್ನುತ್ತಿದ್ದಳು. ಬರುವಾಗ ತಂದ ಬಾಳೆಹಣ್ಣನ್ನೋ ಬ್ರೆಡ್ಡನ್ನೋ ಪಾಪಮ್ಮ ಮಂಚದ ಬದಿಗಿಟ್ಟು, ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ತಾಯಿಯ ತೋಳು ದಿನದಿನಕ್ಕೆ ಒಣಗಿ ಕಡ್ಡಿಯಾಯಿತು. ಪ್ರಾಣ ಹೋದ ದಿನ, ಹೆಣವಿನ್ನೂ ಅಂಗಳದಲ್ಲಿರುವಾಗಲೇ, ನೆರೆದ ಬಂಧುಗಳೆಲ್ಲರ ಮುಂದೆ ಪಾಪಮ್ಮ ಎದೆ ಬಡಿದುಕೊಂಡು, "ಹೊಟ್ಟೆಗೆ ಇಕ್ಕದೆ ಸಾಯಿಸಿಬಿಟ್ಯಲ್ಲೋ ಮುನಿ, ನನ್ನವ್ವನ್ನ" ಎಂದು ಗೋಳಾಡಿದಳು.

ಬಂದವರಿಗೆಲ್ಲ ಮುದ್ದೆ ಇಕ್ಕದೆ ಕಳಿಸದ ಮನೆತನಕ್ಕೆ ಇದಕ್ಕಿಂತ ಘೋರವಾದ ಮಾತು ಬೇರೊಂದಿಲ್ಲ. ತಿಥಿ ಮುಗಿದ ಮರುದಿನ ಮುನಿರಾಜು ಪಟಾಲಮ್ಮನ ಮುಂದೆ ನಿಂತು, ಬಲ ಅಂಗೈಯ ಮೇಲೆ ಕರ್ಪೂರವಿಟ್ಟು ಹಚ್ಚಿ, "ಅವ್ವನಿಗೆ ನಾನು ಅನ್ನ ಇಕ್ಕಿದ್ದು ಸತ್ಯವಾದ್ರೆ, ಪಾಪಕ್ಕನ ಕೈಯ ತುತ್ತು ಇನ್ನು ಈ ನಾಲಿಗೆ ಮುಟ್ಟಲ್ಲ ತಾಯಿ" ಎಂದು ಮುಷ್ಟಿ ಮುಚ್ಚಿ ಉರಿಯನ್ನು ಆರಿಸಿದ. ಅಂಗೈಯಲ್ಲಿ ರೂಪಾಯಿಯಗಲದ ಕಲೆ ಉಳಿಯಿತು. ಅಂದಿನಿಂದ ಗೌರಿಹಬ್ಬಕ್ಕೆ ಮೊರದ ಬಾಗಿನ ಹೋಗಲಿಲ್ಲ, ಯುಗಾದಿಗೆ ಅಕ್ಕ ಬರಲಿಲ್ಲ. ತಾಯಿ ಹೂವಿನ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು, ಬಿಸಿ ಮುದ್ದೆ ಮುರಿದು ಬಾಯಿಗಿಟ್ಟು ಸಾಕಿದವಳು ಈ ಅಕ್ಕನೇ.

ಆ ಮಾತಿನ ಗಂಟು ಎಂಥದೆಂದರೆ, ಅದನ್ನು ಅವನೊಬ್ಬನೇ ಬಿಚ್ಚುವಂತಿರಲಿಲ್ಲ. ಅಕ್ಕ ತನ್ನ ನಿಂದೆಯನ್ನು ಹಿಂದೆಗೆಯುವ ಮೊದಲೇ ತಾನು ಆಣೆ ಬಿಚ್ಚಿದರೆ, ತಾಯಿಗೆ ಅನ್ನ ಇಕ್ಕಿದ್ದು ಸುಳ್ಳೆಂದು ದೇವಿಯ ಮುಂದೆ ಒಪ್ಪಿದಂತೆ. ಅಕ್ಕನಿಗಾದರೋ, ನಿಂದೆಯನ್ನು ಹಿಂದೆಗೆದರೆ ತಾಯಿಯ ಕಡೆಯ ಮಾತನ್ನೇ ಸುಳ್ಳು ಮಾಡಿದಂತೆ. ಹೀಗೆ ಇಬ್ಬರೂ ಸತ್ಯದ ಕಡೆಗೇ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳನ್ನು ಕಳೆದಿದ್ದರು.

ಶಸ್ತ್ರಚಿಕಿತ್ಸೆ ಸೋಮವಾರಕ್ಕೆ ಗೊತ್ತಾಯಿತು. ಲತಾ ಗಂಡನಿಗೆ ಹೇಳದೆಯೇ ಪಾಪಮ್ಮನ ಮಗ ಗೌತಮನಿಗೆ ಫೋನು ಮಾಡಿದಳು. ಇವರ ಮನೆಗೆ ಅವರು ಬರುವುದಿಲ್ಲ, ಅವರ ಮನೆಗೆ ಇವರು ಹೋಗುವುದಿಲ್ಲ. ಪರಿಚಿತ ಹೋಟೆಲುಗಳಲ್ಲಿ ಕುಳಿತರೆ ಮಾರೇನಹಳ್ಳಿಯ ಕಣ್ಣೆಲ್ಲ ಅಲ್ಲೇ. ಲತಾಗೆ ತಿಳಿದಿದ್ದದ್ದು ಬಸವೇಶ್ವರನಗರದ ಒಂದು ಪಿಜ್ಜಾ ಅಂಗಡಿ. ಹುಣ್ಣಾದ ಮೇಲೆ ಮುನಿರಾಜುವಿಗೆ ಸಾರಿನ ಖಾರ ಬೆಂಕಿಯಾಗಿತ್ತು, ಹುಳಿ ಅಲಗಾಗಿತ್ತು. ಆ ಅಂಗಡಿಯಲ್ಲಿ ಮಾತ್ರ ಟೊಮ್ಯಾಟೊ ಮೆಣಸಿನಕಾಯಿ ಯಾವುದೂ ಇಲ್ಲದೆ, ಹಾಲಿನ ಹಸಿ ಚೀಸನ್ನಷ್ಟೇ ಹಾಕಿ ಬೇಯಿಸಿಕೊಡುವುದನ್ನು ಅವಳು ಕಂಡುಕೊಂಡಿದ್ದಳು. ಅದರ ನಡುವಿನ ಮೆತ್ತನೆಯ ಭಾಗವನ್ನು ಅವನು ಹೇಗೋ ನುಂಗುತ್ತಿದ್ದ.

ಭಾನುವಾರ ಮಧ್ಯಾಹ್ನ ಗೌತಮ್ ತಾಯಿಯನ್ನು ಕಾರಿನಲ್ಲಿ ಕರೆತಂದ. ಕಾಮಾಕ್ಷಿಪಾಳ್ಯ ದಾಟಿದ ಮೇಲೆ ಪಾಪಮ್ಮ, "ನಾನ್ಯಾಕೋ ಬರಬೇಕು? ಅವನು ಮೊದ್ಲು ಆಣೆ ಬಿಡ್ಲಿ" ಎಂದಳು.

"ಅಮ್ಮ, ನಾಳೆ ಹೊತ್ತಿಗೆ ಮಾವಂಗೆ ನಾಲಿಗೇನೇ ಇರಲ್ಲ" ಎಂದ ಗೌತಮ್. "ಅದು ಅವರ ಮನೇನೂ ಅಲ್ಲ, ನಮ್ಮನೇನೂ ಅಲ್ಲ. ಸುಮ್ನೆ ಎದುರಿಗೆ ಕೂತ್ಕೊಂಡು ಎದ್ದು ಬಾ. ನಿನ್ನ ಕೈಲಿ ಏನೂ ಕೊಡ್ಬೇಡ. ಆಯ್ತಲ್ಲ?"

ಹೊಂಗೆಮರದ ನೆರಳಿನಲ್ಲಿ ಒಂದು ಹಳೆಯ ಮನೆಯ ಕೆಳಅಂತಸ್ತು ಆ ಅಂಗಡಿ. ಕೆಂಪು ಬಿಳಿ ಚೌಕಳಿಯ ಬಟ್ಟೆ ಹಾಸಿದ ಕೆಲವೇ ಮೇಜುಗಳು. ಒಳಗೋಡೆಗೆ ಸೇರಿದಂತೆ ಇಟ್ಟಿಗೆಯ ಗುಮ್ಮಟದ ಒಲೆ. ಅದರ ತೆರೆದ ಬಾಯೊಳಗೆ ಸೌದೆ ಉರಿಯುವುದು ಎಲ್ಲ ಮೇಜುಗಳಿಗೂ ಕಾಣುತ್ತಿತ್ತು. ಹಡಗೊಂದರ ಇಟಲಿಯ ಅಡುಗೆಮನೆಯಲ್ಲಿ ಈ ಕಸುಬು ಕಲಿತು ಬಂದ ಗಿರಿರಾಜ್ ಅಂಗಡಿಯ ಯಜಮಾನ. ಒಲೆಯ ಮುಂದೆ ನಿಲ್ಲುವವನೂ ಅವನೇ.

ಮುನಿರಾಜು ಮೂಲೆಯ ಮೇಜಿನಿಂದ ಎದ್ದು ನಿಂತ. ಒಂದು ಕಾಲಕ್ಕೆ ಮೂಟೆ ಹೊರುತ್ತಿದ್ದ ಕತ್ತು ಅಂಗಿಯ ಕಾಲರಿನೊಳಗೆ ಸಡಿಲವಾಗಿ ಅಲುಗುತ್ತಿತ್ತು. ಪಾಪಮ್ಮ ಹೊಸಿಲಿನಲ್ಲೇ ಒಂದು ಗಳಿಗೆ ನಿಂತಳು.

"ಚೆನ್ನಾಗಿದೀಯೇನೋ?"

"ಹೂಂ."

"ಸುಳ್ಳು ಬೊಗಳ್ಬೇಡ" ಎಂದು ಲತಾಳ ಕಡೆ ತಿರುಗಿದಳು. "ಚಿಕ್ಕೋನಾಗಿದ್ದಾಗ್ಲೂ ಹಿಂಗೇ. ಮರದಿಂದ ಬಿದ್ದು ಕೈ ಮುರ್ಕೊಂಡು ಬಂದ್ರೂ ಹೂಂ ಅಂತಿದ್ದ. ಹೊಗೆಸೊಪ್ಪಿನ ಕಡ್ಡಿಪುಡಿ ಬಿಡೋ ಅಂದ್ರೂ ಹೂಂ ಅಂತಿದ್ದ."

"ಬಿಟ್ಟೆ ಅಕ್ಕ" ಎಂದ ಮುನಿರಾಜು. ಮಾತು ತೊದಲಿ, ಜೊಲ್ಲಿನೊಡನೆ ಹೊರಬಂದಿತು. "ಈಗ ಬಿಟ್ಟೆ."

ಯಾರೂ ನಗಲಿಲ್ಲ. ನಾಲ್ವರೂ ಕುಳಿತರು. ನೆಂಟರ ಮಕ್ಕಳ ಮದುವೆ, ಹೇರೋಹಳ್ಳಿಯ ಹಾಳಾದ ರಸ್ತೆ, ಹೀಗೆ ಯಾರಿಗೂ ಬೇಡದ ಮಾತುಗಳನ್ನು ಗೌತಮ್ ಒಬ್ಬನೇ ಎಳೆದಾಡಿದ. ಕೊಂಚ ಹೊತ್ತಿಗೆ ಗಿರಿರಾಜ್ ಅಗಲವಾದ ಮರದ ಹಲಗೆಯ ಮೇಲೆ ಪಿಜ್ಜಾವನ್ನು ತಂದು ನಡುವೆ ಇಟ್ಟ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಬೊಕ್ಕೆಗಳೆದ್ದಿದ್ದವು. ನಡುವೆ ಬೆಳ್ಳನೆಯ ಚೀಸು ಕರಗಿ ಕೆನೆಯಾಗಿತ್ತು. ಅದರ ಮೇಲೆ ನಾಲ್ಕಾರು ಹಸಿರೆಲೆ.

"ಸೀದ ರೊಟ್ಟಿಗೆ ಇಷ್ಟೊಂದು ಸಿಂಗಾರವೇನಪ್ಪ?" ಎಂದಳು ಪಾಪಮ್ಮ.

"ಸೀದಿಲ್ಲಮ್ಮ, ಅದು ಹಾಗೇ ಬೇಯಬೇಕು" ಎಂದು ಗಿರಿರಾಜ್ ನಕ್ಕ.

"ನಮ್ಮತ್ತೆ ಕಾಲದಲ್ಲಿ ಹಿಂಗೆ ಸುಟ್ಟಿದ್ರೆ ನನ್ನ ತವರಿಗೆ ಅಟ್ಟೋರು." ಆಕೆ ಬಾಗಿ ಎಲೆಯೊಂದನ್ನು ಮೂಸಿದಳು. ಮುಖ ಬದಲಾಯಿತು. "ಮುನಿ, ಇದು ಕಾಮಕಸ್ತೂರಿ ಕಣೋ. ಅವ್ವ ಬದುವಿನ ಮೇಲೆ ಹಾಕ್ತಿದ್ಳಲ್ಲ, ಮಲ್ಲಿಗೆ ಜೊತೆ ಕಟ್ಟೋಕೆ."

"ಅದೇ" ಎಂದ ಮುನಿರಾಜು. "ಅದಕ್ಕೇ ಇಲ್ಲಿಗೆ ಬರ್ತೀನಿ."

ದೇವರ ಮುಡಿಗೂ ಹೆಂಗಸರ ತುರುಬಿಗೂ ಏರುತ್ತಿದ್ದ ಆ ಎಲೆಯ ಪರಿಮಳ ಇಬ್ಬರ ನಡುವೆ ಸುಳಿದಾಡಿತು. ಆ ಪರಿಮಳದಲ್ಲಿ ಪಾಪಮ್ಮನಿಗೆ ಎಲ್ಲಿದ್ದೇನೆಂಬುದು ಮರೆತಿರಬೇಕು. ಹಿರಿಯಳ ಕೈ ತನ್ನ ರೂಢಿಯಂತೆ ಮುಂದೆ ಹೋಯಿತು. ಕೊಯ್ದ ತುಂಡುಗಳಲ್ಲಿ ಅತ್ಯಂತ ಮೆತ್ತಗಿದ್ದುದನ್ನು ಆರಿಸಿ, ಮೊದಲು ತಮ್ಮನ ತಟ್ಟೆಗೇ ಇಕ್ಕಿತು.

ಇಕ್ಕಿದ ಮೇಲೆ ಆಕೆಗೆ ಅರಿವಾಯಿತು. ಕೈ ಗಾಳಿಯಲ್ಲೇ ನಿಂತಿತು.

ಮುನಿರಾಜು ತಟ್ಟೆಯನ್ನು ನೋಡುತ್ತ ಕುಳಿತ. ಅವನ ಬಲಗೈ ಮೇಜಿನ ಮೇಲೆ ಮುಷ್ಟಿಯಾಯಿತು. ಹಸಿದವನ ಮುಂದೆ ಬಿಸಿ ಅನ್ನ; ಅದನ್ನು ಮುಟ್ಟಿದರೆ ತಾಯಿಯನ್ನು ಉಪವಾಸ ಕೆಡವಿದವನೆಂಬ ಹೆಸರು ಅವನೊಡನೆಯೇ ಹೋಗುತ್ತದೆ.

"ತಪ್ಪಾಯ್ತು, ಮರ್ತುಬಿಟ್ಟೆ" ಎಂದಳು ಪಾಪಮ್ಮ ಕೆಳದನಿಯಲ್ಲಿ.

"ಪರ್ವಾಗಿಲ್ಲ ಬಿಡಿ" ಎಂದು ಗೌತಮ್ ಅವಸರದಿಂದ ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬೇರೊಂದನ್ನಿಟ್ಟ. ಲತಾ ಹಲಗೆಯ ಆಚೆ ಬದಿಯಿಂದ ಒಂದು ತುಂಡು ತೆಗೆದು, ಅಂಚನ್ನು ಮುರಿದು ಬಿಸುಟು, ನಡುವಿನ ಮೆದುವನ್ನು ಬೆರಳಲ್ಲಿ ಹಿಸುಕಿ ಗಂಡನ ಬಾಯಿಗಿಟ್ಟಳು.

ಮುನಿರಾಜು ಕಣ್ಣು ಮುಚ್ಚಿದ. ತುತ್ತು ಬಾಯಲ್ಲಿ ಇತ್ತಿಂದತ್ತ ಹೊರಳಿತು. ಗಂಟಲಿನ ಬಳಿ ಹೋಗಿ ಹಿಂದಿರುಗಿತು. ತುಟಿಯ ಅಂಚಿನಿಂದ ಹಾಲಿನಂತೆ ಇಳಿಯತೊಡಗಿತು. ಲತಾ ಎಡ ಅಂಗೈಯನ್ನು ಬೊಗಸೆಯಾಗಿಸಿ ಗಲ್ಲದ ಕೆಳಗೆ ಹಿಡಿದಳು, ಬಿದ್ದುದನ್ನು ಬಾಚಿ ತುಟಿಯೊಳಗೆ ಸೇರಿಸಿದಳು, ಬಲಗೈಯ ಎರಡು ಬೆರಳಿಂದ ಅವನ ಕೊರಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ನೀವಿದಳು. ಒಂದು ಸಲ, ಮತ್ತೊಂದು ಸಲ. ಕಡೆಗೆ ಕೊರಳಗಂಟು ಮೇಲೆದ್ದು ಕೆಳಗಿಳಿಯಿತು. ತುತ್ತಿನಲ್ಲಿ ಒಳಗೆ ಹೋದದ್ದು ಸ್ವಲ್ಪ. ಹೆಚ್ಚಿನದು ಅವಳ ಅಂಗೈಯಲ್ಲೇ ಉಳಿದಿತ್ತು. ಯಾರಿಗೂ ಕಾಣದಂತೆ ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಪಾಪಮ್ಮ ಇದನ್ನೆಲ್ಲ ಕಣ್ಣೆವೆಯಿಕ್ಕದೆ ನೋಡುತ್ತಿದ್ದಳು. ಆ ಬೆರಳುಗಳಲ್ಲಿ ಒಂದಿಷ್ಟೂ ತಡವರಿಕೆಯಿರಲಿಲ್ಲ. ಇದು ಈ ಹುಣ್ಣಿನಿಂದೀಚೆಗೆ ಕಲಿತ ಕೈಯಾಗಿರಲಿಲ್ಲ; ಹಳೆಯ ರೂಢಿಯ ಕೈಯಾಗಿತ್ತು.

"ಹಂಗೆ ಕೊರಳು ನೀವೋದು ಯಾರು ಹೇಳ್ಕೊಟ್ರು ಲತಾ? ಡಾಕ್ಟ್ರಾ?"

ಲತಾ ತಲೆಯೆತ್ತಲಿಲ್ಲ. "ಯಾರೂ ಇಲ್ಲ ಅತ್ತಿಗೆ. ಅತ್ತೆಗೆ ಮಾಡಿ ಮಾಡಿ ಬಂತು."

"ಅವ್ವಂಗಾ?"

"ಲಕ್ವ ಹೊಡೆದ್ಮೇಲೆ ಅವರಿಗೂ ಗಂಟಲು ಹಿಂಗೇ ಆಗಿತ್ತು. ರಾಗಿ ಗಂಜಿ ಒಂದು ಲೋಟ ಹಿಡ್ಕೊಂಡು ಕೂತ್ರೆ ಮಧ್ಯಾಹ್ನ ಆಗ್ತಿತ್ತು. ಅರ್ಧ ಸೀರೆ ಮೇಲೆ ಬೀಳೋದು. ನೀವು ಬರೋ ಹೊತ್ತಿಗೆ ಸೀರೆ ಬದಲಾಯಿಸಿ, ಬಾಯಿ ಒರೆಸಿ ಇಟ್ಟಿರ್ತಿದ್ದೆ. ಮಗಳು ಬಂದಾಗ ಹಂಗೆ ಕಾಣಿಸ್ಬಾರ್ದು ಅಂತ."

"ಯಾಕೆ ಹೇಳ್ಲಿಲ್ಲ ನನಗೆ?"

"ನೀವು ಕೇಳಿದ್ದು ಯಾವಾಗ ಅತ್ತಿಗೆ? ಹೆಣದ ಮುಂದೆ. ಅಲ್ಲಿ ನಾನೇನು ಹೇಳ್ಲಿ?"

ಲತಾ ಇನ್ನೊಂದು ತುತ್ತು ಹಿಡಿದಳು. ಮುನಿರಾಜು ತಲೆಯಾಡಿಸಿ ಅದನ್ನು ದೂರ ಮಾಡಿದ. ನೋವಿನಿಂದ ಅವನ ಕಣ್ಣಂಚಿನಲ್ಲಿ ನೀರು ತುಂಬಿತ್ತು.

"ಸಾಕೇನ್ರೀ? ಒಂದೇ ಒಂದು ತುತ್ತು ಹೋಗಿರೋದು."

"ಆಗ್ತಿಲ್ಲ" ಎಂದ ಅವನು. ಆಮೇಲೆ, ತುಂಬಿದ ತಟ್ಟೆಯನ್ನೇ ದಿಟ್ಟಿಸುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ ತೊದಲಿದ: "ಹಸಿವು ಕಣೇ."

ಪಾಪಮ್ಮ ಬೆಚ್ಚಿದಳು. ಅದೇ ಮಾತು, ಅದೇ ಒಡೆದ ದನಿ, ಅದೇ ಒದ್ದೆಯಾದ ತುಟಿ. ಎದುರಿಗೆ ಅನ್ನವಿದೆ, ಇಕ್ಕುವ ಕೈಯಿದೆ, ಹಸಿವೂ ಇದೆ. ಇಷ್ಟು ವರ್ಷ ಆಕೆ ತಾಯಿಯ ಮಾತು ಸತ್ಯ, ಆದುದರಿಂದ ತಮ್ಮನ ಮಾತು ಸುಳ್ಳು ಎಂದು ತೂಗಿದ್ದಳು. ಒಂದು ತಟ್ಟೆ ಮೇಲೇರಿದರೆ ಮತ್ತೊಂದು ಕೆಳಗಿಳಿಯಲೇಬೇಕೆಂಬುದು ತಕ್ಕಡಿಯ ನ್ಯಾಯ. ಮನುಷ್ಯರ ದುಃಖಕ್ಕೆ ಆ ನ್ಯಾಯ ಹೊಂದುವುದಿಲ್ಲವೆಂಬುದು ಈ ಪರದೇಶದ ರೊಟ್ಟಿಯ ಮುಂದೆ, ಸೋತ ತಮ್ಮನ ಬಾಯಿಂದ ಆಕೆಗೆ ತಿಳಿಯಬೇಕಾಗಿತ್ತು. ತಾಯಿ ಹಸಿದಿದ್ದಳು. ಇವರು ಇಕ್ಕಿದ್ದರು. ಎರಡೂ ಸತ್ಯ.

ಆಕೆ ಎದ್ದು ನಿಂತಳು. ಗೌತಮ್ ತಾಯಿ ಹೊರಟೇಬಿಟ್ಟಳೆಂದು ತಿಳಿದು ತಾನೂ ಎದ್ದ. ಪಾಪಮ್ಮ ಮೇಜನ್ನು ಸುತ್ತಿ ಬಂದು ಲತಾಳ ಎರಡೂ ಕೈಗಳನ್ನು, ಚೀಸಿನ ಜಿಡ್ಡು ಮೆತ್ತಿದಂತೆಯೇ, ತನ್ನ ಕಣ್ಣಿಗೆ ಒತ್ತಿಕೊಂಡಳು.

"ಈ ಕೈಗೆ ಮಸಿ ಬಳಿದುಬಿಟ್ನಲ್ಲೇ ನಾನು."

"ಅಯ್ಯೋ, ಬಿಡಿ ಅತ್ತಿಗೆ, ಜನ ನೋಡ್ತಾರೆ."

"ನೋಡ್ಲಿ. ಅವತ್ತು ಜನದ ಮುಂದೇನೇ ಅಂದಿದ್ದಲ್ವಾ?" ಆಕೆ ತಮ್ಮನ ಕಡೆ ತಿರುಗಿ, ಅಂಗಡಿಗೆಲ್ಲ ಕೇಳುವಂತೆ, ಸ್ಪಷ್ಟವಾಗಿ ನುಡಿದಳು: "ಮುನಿ, ಅವ್ವಂಗೆ ನೀವು ಅನ್ನ ಇಕ್ಕಿದ್ದು ನಿಜ. ನಾನಂದ ಮಾತು ತಪ್ಪು. ಅವ್ವ ಸುಳ್ಳು ಹೇಳ್ಲಿಲ್ಲ, ನನಗೆ ಅರ್ಥ ಆಗ್ಲಿಲ್ಲ. ಈಗ ನೀನು ನಿನ್ನ ಮಾತು ಬಿಡು."

ಪಕ್ಕದ ಮೇಜಿನಲ್ಲಿದ್ದ ಒಂದು ಸಂಸಾರ ಮಾತು ನಿಲ್ಲಿಸಿ ಇತ್ತ ನೋಡಿತು. ಮುನಿರಾಜು ಎರಡೂ ಕೈಯಿಂದ ಮೇಜಿನಂಚು ಹಿಡಿದು ಎದ್ದು, "ನಡಿ ಅಕ್ಕ, ಗುಡಿಗೆ ಹೋಗೋಣ" ಎಂದ.

"ಈ ಹೊತ್ತಲ್ಲಿ ಗುಡಿ ಬಾಗಿಲು ಹಾಕಿರತ್ತೆ ಮಾವ" ಎಂದ ಗೌತಮ್. "ಸಂಜೆಗೆ ತೆಗೀತಾರೆ. ಸಂಜೆ ನೀವು ಆಸ್ಪತ್ರೆಗೆ ಅಡ್ಮಿಟ್ ಆಗ್ಬೇಕು."

ಮುನಿರಾಜುವಿನ ಮುಖ ಕಳೆಗುಂದಿತು. "ಬೆಂಕಿ ಮುಂದೆ ಆಡಿದ್ದು. ಬೆಂಕಿ ಮುಂದೇನೇ ಬಿಡ್ಬೇಕು."

"ಬೆಂಕಿ ಇಲ್ಲೇ ಇದೆಯಲ್ಲೋ" ಎಂದಳು ಪಾಪಮ್ಮ.

ಎಲ್ಲರೂ ಒಲೆಯ ಕಡೆ ತಿರುಗಿದರು. ಯಜ್ಞಕುಂಡದಲ್ಲಿರಲಿ, ಅಡುಗೆಯ ಒಲೆಯಲ್ಲಿರಲಿ, ಚಿತೆಯಲ್ಲಿರಲಿ, ಅಗ್ನಿ ಒಬ್ಬನೇ. ಸ್ಥಳ ಬದಲಾದರೆ ಅವನ ಸಾಕ್ಷಿತ್ವ ಬದಲಾಗದೆಂದು ಬಲ್ಲವರು ಹೇಳುತ್ತಾರೆ. ಆದರೂ ಮುನಿರಾಜು ಅನುಮಾನಿಸಿದ. "ಇದು ಅಂಗಡಿ ಒಲೆ ಅಕ್ಕ."

"ಅಂಗಡಿ ಒಲೆ ಆದ್ರೇನು? ಹಸಿದೋರಿಗೆ ಬೇಯಿಸ್ತಿದೆಯಲ್ಲ. ಪಟಾಲಮ್ಮನ ಕರ್ಪೂರ ಯಾರಿಗೂ ಒಂದು ಮುದ್ದೆ ಬೇಯಿಸಿಕೊಡ್ಲಿಲ್ಲ. ಅವಳು ಬೇಜಾರು ಮಾಡ್ಕೊಳಲ್ಲ, ನಾನು ಹೇಳ್ತೀನಿ ಅವಳಿಗೆ."

ಇಷ್ಟು ಹೊತ್ತೂ ಸೌಟಿನಂಥ ಉದ್ದನೆಯ ಹಿಡಿಕೆಯ ಹಲಗೆ ಹಿಡಿದು ನಿಂತಿದ್ದ ಗಿರಿರಾಜ್ ಅದನ್ನು ಗೋಡೆಗೊರಗಿಸಿದ. ಕಾಲಿನ ಚಪ್ಪಲಿಯನ್ನು ಬದಿಗೆ ಕಳಚಿ, "ಬನ್ನಿ ಸಾರ್. ದಿನಾ ಬೆಳಿಗ್ಗೆ ನಾನೂ ಕೈ ಮುಗಿದೇ ಹಚ್ಚೋದು" ಎಂದು ದಾರಿಬಿಟ್ಟ.

ಮುನಿರಾಜು ಎರಡು ಹೆಜ್ಜೆ ಇಟ್ಟು ನಿಂತ. ತಿರುಗಿ ಮೇಜಿನ ಮೇಲೆ ಹುಡುಕಿದ. "ಆ ತುಂಡು ಎಲ್ಲಿ? ಅಕ್ಕ ಇಕ್ಕಿದ್ದು?"

ಗೌತಮ್ ಪಕ್ಕಕ್ಕೆ ಸರಿಸಿದ್ದ ತಟ್ಟೆಯನ್ನು ತಂದುಕೊಟ್ಟ. ಅದನ್ನು ಹಿಡಿದು ಅವನು ಒಲೆಯ ಬಾಯಿಯ ಮುಂದೆ ನಿಂತ. ಅಕ್ಕ ಅವನ ಎಡಕ್ಕೆ, ಹೆಂಡತಿ ಬಲಕ್ಕೆ. ಉರಿಯ ಬಿಸಿಗೆ ಹುಣ್ಣಿನ ಬದಿಯ ಕೆನ್ನೆ ಸುಟ್ಟಂತಾದರೂ ಹಿಂದೆ ಸರಿಯಲಿಲ್ಲ. ಬಾಯಿ ತೆರೆದ. ಮೊದಲ ಸಲ ಬರಿಯ ಉಸಿರು ಬಂದಿತು. ಎರಡನೆಯ ಸಲ ನಾಲಗೆ ಹೊರಳಲಿಲ್ಲ. ಲತಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ನೀರು ಕೇಳಿ ತರಿಸಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ನಿಂತ. ದೇಹದಲ್ಲಿ ಉಳಿದಿದ್ದ ಬಲವನ್ನೆಲ್ಲ ಆ ಒಂದು ತುಂಡು ಮಾಂಸಕ್ಕೆ ತಂದುಕೊಂಡವನಂತೆ, ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಆಡಿದ:

"ತಾಯಿ. ಅವ್ವಂಗೆ ಅನ್ನ ಇಕ್ಕಿದ್ದು ಸತ್ಯ. ಅಕ್ಕ ಒಪ್ಪಿದ್ಳು. ಈ ನಾಲಿಗೆ ಕಟ್ಟಿದ್ದನ್ನ ಈ ನಾಲಿಗೇನೇ ಬಿಚ್ತು. ನಿಂದು ನಿನಗೆ ಒಪ್ಪಿಸಿದೀನಿ."

ತಟ್ಟೆಯಲ್ಲಿದ್ದ ತುಂಡಿನ ಅಂಚನ್ನು ಮುರಿದು, ಹಳೆಯ ಕಲೆಯಿದ್ದ ಅಂಗೈಯಿಂದ ಉರಿಯೊಳಕ್ಕೆ ಹಾಕಿದ. ಜ್ವಾಲೆ ಅದನ್ನು ನೆಕ್ಕಿತು. ಕಾಮಕಸ್ತೂರಿಯ ಎಲೆಯೊಂದು ಸಿಡಿದು ಗಮಗಮಿಸಿತು. ಪಾಪಮ್ಮ ಕೈ ಮುಗಿದಳು. ಪಕ್ಕದ ಮೇಜಿನ ಸಂಸಾರದ ಹಿರಿಯರೂ ಏನೆಂದು ತಿಳಿಯದೆಯೇ ಕೈ ಮುಗಿದರು.

ಎಲ್ಲರೂ ಮತ್ತೆ ಬಂದು ಕುಳಿತರು. ಪಾಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ತುಂಡಿನ ನಡುವಿನ ಬಿಳಿಯ ಮೆದುವನ್ನು ಬೆರಳ ತುದಿಯಲ್ಲಿ ನುರಿದು ಸಣ್ಣ ಉಂಡೆ ಮಾಡಿದಳು. ಹಸು ಕರು ಹಾಕಿದಾಗ ತಾಯಿ ಕಾಯಿಸಿಡುತ್ತಿದ್ದ ಗಿಣ್ಣಿನ ಬಣ್ಣವೇ ಅದಕ್ಕಿತ್ತು.

"ಲತಾ, ಆ ಕೊರಳು ನೀವೋದು ನನಗೂ ತೋರ್ಸೇ."

ಲತಾ ಆಕೆಯ ಎರಡು ಬೆರಳುಗಳನ್ನು ಹಿಡಿದು ಗಂಡನ ಕೊರಳ ಮೇಲಿಟ್ಟಳು. "ಇಲ್ಲಿಂದ ಅತ್ತಿಗೆ. ಒತ್ತಬೇಡಿ. ಹಿಂಗೆ."

"ಬಾಯ್ ತೆಗಿಯೋ, ಮುನಿ."

ಅವನು ತೆಗೆದ. ಅಕ್ಕ ಉಂಡೆಯನ್ನು ಹುಣ್ಣಿಲ್ಲದ ಬದಿಗಿಟ್ಟಳು. ಮುನಿರಾಜು ಅದನ್ನು ಕೂಡಲೇ ನುಂಗಲಿಲ್ಲ. ನಾಳೆ ಇಲ್ಲವಾಗುವ ನಾಲಗೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದ. ಪಾಪಮ್ಮನ ಬೆರಳು ಕೊರಳ ಮೇಲೆ ಇಳಿಯಿತು, ಮತ್ತೆ ಇಳಿಯಿತು. ಕೊರಳಗಂಟು ಎದ್ದು ಬಿದ್ದದ್ದು ಬೆರಳಿಗೆ ತಿಳಿಯಿತು.

"ಹೆಂಗಿದೆಯೋ?"

ಅವನು ತುಟಿಯೊರೆಸಿಕೊಂಡು, ಕಣ್ಣು ತೆರೆದು, ಯೋಚಿಸಿ ಹೇಳಿದ. "ಉಪ್ಪು ಕಮ್ಮಿ ಅಕ್ಕ."

ಪಾಪಮ್ಮ ಮೇಜಿನ ಮೇಲಿದ್ದ ಉಪ್ಪಿನ ಕುಡಿಕೆಗೆ ಕೈ ಚಾಚಿದಳು. ಹುಣ್ಣಿಗೆ ಉಪ್ಪು ತಾಗಿದರೆ ಉರಿಯುತ್ತದೆಂದು ಲತಾ ತಡೆಯಹೋದಳು; ಮುನಿರಾಜು ತಡೆಯಬೇಡವೆಂದು ತಲೆಯಾಡಿಸಿ, ಮತ್ತೆ ಬಾಯಿ ತೆರೆದು ಕಾದ.